ಹಳೆಯ ಕ್ಯಾಂಪರಿಗೆ ಹೊಸ ವೈರಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾರಿನ ಹಿಂದೆ ಎಳೆದೊಯ್ಯುವ, 1970ರ ದಶಕದ ಆರಂಭದಲ್ಲಿ ತಯಾರಾದ ಅಲ್ಯೂಮಿನಿಯಂ ಮೈಯ ಕ್ಯಾಂಪರ್ (ಪ್ರವಾಸದಲ್ಲಿ ಒಳಗೇ ಉಳಿಯಬಹುದಾದ ಗಾಡಿ) ಒಂದನ್ನು ಕೊಂಡು ದುರಸ್ತಿ ಮಾಡುತ್ತಿದ್ದೇನೆ. ಒಳಗಿನ ಪ್ಲೈವುಡ್ ಹಲಗೆಗಳನ್ನು ಬಿಚ್ಚಿದಾಗ ಗೋಡೆಯೊಳಗೆ ಎರಡು ಬಗೆಯ ತಂತಿಗಳು ಕಂಡವು: ಬ್ಯಾಟರಿಯ 12 ವೋಲ್ಟಿನವು, ಹೊರಗಿನಿಂದ ಬರುವ ಮನೆಬಳಕೆಯ ವಿದ್ಯುತ್ತಿನವು. ಕೆಲವು ದೀಪಗಳು ಈಗಲೂ ಉರಿಯುತ್ತವೆ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಹೊಸ ತಂತಿ ಸೇರಿಸಿದರೆ ಸಾಲದೇ? 12 ವೋಲ್ಟಿನ ಭಾಗದಲ್ಲಿ ಷಾಕ್ ಹೊಡೆಯುವ ಭಯವಿಲ್ಲವಾದ್ದರಿಂದ ಅದನ್ನು ನಾನೇ ಮಾಡಿಕೊಳ್ಳಬಹುದೇ?

ಉತ್ತರ: ಸಾಲದು, ಎಲ್ಲವನ್ನೂ ತೆಗೆದುಹಾಕಿ. ಹಲಗೆಗಳನ್ನು ಹೇಗೂ ಬಿಚ್ಚಿದ್ದೀರಿ; ಈಗ ಬಿಟ್ಟ ತಂತಿಯನ್ನು ಮುಂದೆ ಬದಲಿಸಬೇಕಾಗಿ ಬಂದರೆ ಹೊಸದಾಗಿ ಮಾಡಿದ ಮರಗೆಲಸವನ್ನೂ ಕೀಳಬೇಕಾದೀತು. ದೀಪ ಉರಿಯುತ್ತಿದೆ ಎಂಬುದು ತಂತಿ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಬಿಸಿಲಿಗೆ ಕಾಯುವ ಲೋಹದ ಮೈಯ ಒಳಗೆ ದಶಕಗಳ ಕಾಲ ಇದ್ದ ಪಿವಿಸಿ ಹೊದಿಕೆ ಗಡುಸಾಗಿ, ಬಗ್ಗಿಸಿದರೆ ಬಿರುಕು ಬಿಡುವ ಸ್ಥಿತಿಗೆ ಬಂದಿರುತ್ತದೆ. ಲೋಹದ ಪಕ್ಕೆಲುಬುಗಳ ತೂತಿನಲ್ಲಿ ಹಾದುಹೋಗುವ ಕಡೆ ಓಡಾಟದ ಅದುರಿಗೆ ಆ ಹೊದಿಕೆ ಸವೆದು ತಾಮ್ರ ಇಣುಕುತ್ತಿರಬಹುದು. ಇದರ ಮೇಲೆ, ಹಿಂದಿನ ಮಾಲೀಕರು ತಮಗೆ ತೋಚಿದಂತೆ ತಿರುಚಿ ಟೇಪು ಸುತ್ತಿದ ಗಂಟುಗಳು ಬೇರೆ. ವಾಹನ ಉತ್ತರ ಅಮೆರಿಕದ್ದಾದರೆ ಇನ್ನೊಂದು ವಿಷಯವನ್ನೂ ನೋಡಿ. 1960ರ ದಶಕದ ಉತ್ತರಾರ್ಧದಿಂದ 1970ರ ದಶಕದ ಆರಂಭದವರೆಗೆ ಅಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯ ಬಳಕೆ ಹೆಚ್ಚಾಗಿತ್ತು. ಅದರ ಜೋಡಣೆಗಳು ಕಾಲಕ್ರಮದಲ್ಲಿ ಸಡಿಲಗೊಂಡು, ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆದು ಬಿಸಿಯಾಗುತ್ತವೆ. ಅದಕ್ಕೆ ತಾಮ್ರದ ತಂತಿಯನ್ನು ನೇರವಾಗಿ ತಿರುಚಿ ಸೇರಿಸುವುದು ಬೆಂಕಿಗೆ ಆಹ್ವಾನ.

ಕೀಳುವ ಮೊದಲು ವಿದ್ಯುತ್ ಸಂಪರ್ಕವನ್ನೂ ಬ್ಯಾಟರಿಯನ್ನೂ ತಪ್ಪಿಸಿ, ಪ್ರತಿಯೊಂದು ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಿ, ಫೋಟೊ ತೆಗೆದು, ನಕ್ಷೆ ಬರೆದುಕೊಳ್ಳಿ. ಬಣ್ಣವನ್ನು ಮಾತ್ರ ನಂಬಬೇಡಿ. ಬ್ಯಾಟರಿಯ ವೈರಿಂಗ್‌ನಲ್ಲಿ ಕಪ್ಪು ಸಾಮಾನ್ಯವಾಗಿ ಋಣ ತುದಿ. ಅಮೆರಿಕದ ಮನೆಬಳಕೆಯ ವೈರಿಂಗ್‌ನಲ್ಲಿ ಅದೇ ಕಪ್ಪು ಷಾಕ್ ಹೊಡೆಯುವ ಫೇಸ್. ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ ಕಪ್ಪೆಂದರೆ ನ್ಯೂಟ್ರಲ್, ಎಂದರೆ ಪ್ರವಾಹ ಹಿಂದಿರುಗುವ ತಂತಿ. ಒಂದೇ ಗೋಡೆಯೊಳಗೆ ಎರಡು ವ್ಯವಸ್ಥೆಗಳು ಹಾದುಹೋಗಿರುವಾಗ ಬಣ್ಣ ನೋಡಿ ಊಹಿಸುವುದು ಅಪಾಯ, ಮಲ್ಟಿಮೀಟರಿನಿಂದ ಅಳೆದೇ ತೀರ್ಮಾನಿಸಬೇಕು.

ಇನ್ನು 12 ವೋಲ್ಟಿನ ಮಾತು. ಅದು ಷಾಕ್ ಹೊಡೆಯುವುದಿಲ್ಲ ಎಂಬುದು ನಿಜ; ಆದ್ದರಿಂದ ಅದು ನಿರಪಾಯಕಾರಿ ಎಂಬ ತೀರ್ಮಾನ ಮಾತ್ರ ತಪ್ಪು. ತಂತಿಯನ್ನು ಬಿಸಿ ಮಾಡುವುದು ಅದರಲ್ಲಿ ಹರಿಯುವ ಆಂಪಿಯರ್. 60 ವ್ಯಾಟಿನ ಒಂದು ಉಪಕರಣ 230 ವೋಲ್ಟಿನಲ್ಲಿ ಕಾಲು ಆಂಪಿಯರಿಗಿಂತ ತುಸು ಹೆಚ್ಚು ಎಳೆದರೆ, 12 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ 5 ಆಂಪಿಯರ್ ಬೇಕು. ಷಾರ್ಟ್ ಆದಾಗಂತೂ ಸಾಧಾರಣ ಬ್ಯಾಟರಿಯೊಂದು ನೂರಾರು ಆಂಪಿಯರ್‌ಗಳನ್ನು ಒಮ್ಮೆಗೇ ಹೊರಹಾಕಬಲ್ಲದು. ನಡುವೆ ಫ್ಯೂಸ್ ಇಲ್ಲದಿದ್ದರೆ ತಂತಿ ಕೆಂಪಗೆ ಕಾದು ಗೋಡೆಯೊಳಗಿನ ಒಣಮರಕ್ಕೆ ಕಿಡಿ ಮುಟ್ಟಿಸುತ್ತದೆ.

ಹೀಗಾಗಿ ಫ್ಯೂಸ್ ಎಲ್ಲಿರಬೇಕು, ಎಷ್ಟರದಿರಬೇಕು ಎಂಬುದೇ ಈ ಕೆಲಸದ ಮುಖ್ಯ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಫ್ಯೂಸ್ ಇರುವುದು ಉಪಕರಣವನ್ನು ಉಳಿಸಲು ಎಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಅದು ತಂತಿಯನ್ನು ಕಾಯುವ ಸಾಧನ. ಆ ತಂತಿ ಬಿಸಿಯಾಗದೆ ಹೊರಬಲ್ಲ ಆಂಪಿಯರಿಗಿಂತ ಫ್ಯೂಸಿನ ಅಂಕಿ ಕಡಿಮೆ ಇರಬೇಕು, ಮತ್ತು ಮುಖ್ಯ ಫ್ಯೂಸನ್ನು ಬ್ಯಾಟರಿಯ ಧನ ತುದಿಗೆ ಸಾಧ್ಯವಾದಷ್ಟು ಹತ್ತಿರ, ಒಂದು ಗೇಣಿನೊಳಗೆ, ಇಡಬೇಕು. ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಅಲ್ಲಿಂದ ಮುಂದೆ ಫ್ಯೂಸ್ ಪೆಟ್ಟಿಗೆಗೆ ಒಂದು ದಪ್ಪ ತಂತಿ, ಪೆಟ್ಟಿಗೆಯಿಂದ ದೀಪಗಳಿಗೆ, ಪಂಪಿಗೆ, ಫ್ಯಾನಿಗೆ, ಫ್ರಿಜ್ಜಿಗೆ ಒಂದೊಂದು ಪ್ರತ್ಯೇಕ ಸಾಲು. ಪದೇ ಪದೇ ಫ್ಯೂಸ್ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ.

ತಂತಿಯ ದಪ್ಪವನ್ನು ಬಿಸಿಯೊಂದನ್ನೇ ನೋಡಿ ನಿರ್ಧರಿಸಲಾಗದು. 12 ವೋಲ್ಟಿನಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋದರೂ ಅದು ಶೇ 4ಕ್ಕಿಂತ ಹೆಚ್ಚಿನ ನಷ್ಟ. ಉದಾಹರಣೆಗೆ, 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 7.4 ಮಿಲಿಓಮ್ ರೋಧವಿರುತ್ತದೆ. ಬ್ಯಾಟರಿಯಿಂದ 5 ಮೀಟರ್ ದೂರದ ಫ್ರಿಜ್ಜಿಗೆ ಹೋಗುವುದು ಬರುವುದು ಸೇರಿ 10 ಮೀಟರ್ ತಂತಿ ಆಯಿತು, ರೋಧ 0.074 ಓಮ್ ಆಯಿತು. ಫ್ರಿಜ್ 10 ಆಂಪಿಯರ್ ಎಳೆದರೆ 0.74 ವೋಲ್ಟ್, ಎಂದರೆ ಶೇ 6ರಷ್ಟು, ತಂತಿಯಲ್ಲೇ ಶಾಖವಾಗಿ ಹೋಗುತ್ತದೆ. ಅದೇ ಜಾಗದಲ್ಲಿ 6 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಶೇ 3ರೊಳಗೆ ಇಳಿಯುತ್ತದೆ. ಲೆಕ್ಕ ಹಾಕುವಾಗ ಹಿಂದಿರುಗುವ ದಾರಿಯನ್ನು ಮರೆಯುವವರೇ ಹೆಚ್ಚು. ದೀಪಗಳ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಹಳೆಯ 21 ವ್ಯಾಟಿನ ಬಲ್ಬಿನ ಬದಲು ಎರಡು ಮೂರು ವ್ಯಾಟಿನ ಎಲ್‌ಇಡಿ ಹಾಕಿದರೆ ತೆಳುವಾದ ತಂತಿಯೇ ಸಾಕು. ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜ್ 14.4ರವರೆಗೂ ಏರುವುದರಿಂದ, ಅದನ್ನು ತಾಳುವಂಥ ಎಲ್‌ಇಡಿಯನ್ನೇ ಆರಿಸಿಕೊಳ್ಳಬೇಕು.

ಹಳೆಯ ಕ್ಯಾಂಪರುಗಳಲ್ಲಿ ಹಿಂದಿರುಗುವ ದಾರಿಯಾಗಿ ಅಲ್ಯೂಮಿನಿಯಂ ಮೈಯನ್ನೇ ಬಳಸಿರುವುದುಂಟು. ಒಂದು ತಂತಿ ಉಳಿಯಿತೆಂಬುದು ಆಗಿನ ಲೆಕ್ಕ. ರಿವೆಟ್ಟುಗಳ ಸುತ್ತ ತುಕ್ಕು, ಆಕ್ಸೈಡ್ ಸೇರಿದ ಮೇಲೆ ಆ ದಾರಿ ಕೆಡುತ್ತದೆ. ಮಂಕಾಗಿ ಉರಿಯುವ ದೀಪ, ಬ್ರೇಕ್ ಒತ್ತಿದಾಗ ಮಿನುಗುವ ಇಂಡಿಕೇಟರ್ ಇವೆಲ್ಲ ಬಹುಪಾಲು ಅದರ ಲಕ್ಷಣ. ಪ್ರತಿ ಉಪಕರಣಕ್ಕೂ ಧನ, ಋಣ ಎರಡೂ ತಂತಿಗಳನ್ನು ಎಳೆದು, ಋಣ ತಂತಿಗಳನ್ನೆಲ್ಲ ಒಂದು ತಾಮ್ರದ ಪಟ್ಟಿಗೆ ತಂದು, ಆ ಪಟ್ಟಿಯನ್ನು ಚಾಸಿಗೆ, ಎಂದರೆ ವಾಹನದ ತಳದ ಚೌಕಟ್ಟಿಗೆ, ಒಂದೇ ಒಂದು ಕಡೆ ಸೇರಿಸಿ. ಎಳೆಯುವ ವಾಹನದಿಂದ ಬರುವ ಕೇಬಲಿನಲ್ಲಿಯೂ ಋಣಕ್ಕೆ ತನ್ನದೇ ತಂತಿ ಇರಲಿ. ಕೊಂಡಿಯ ಲೋಹದ ಸ್ಪರ್ಶವನ್ನು ನೆಚ್ಚಿಕೊಳ್ಳಬೇಡಿ.

ಮನೆಯ ಗೋಡೆಯಲ್ಲಿ ಹಾಕುವ ಒಂಟಿ ಎಳೆಯ ಗಟ್ಟಿ ತಂತಿ ಓಡುವ ವಾಹನಕ್ಕೆ ತಕ್ಕುದಲ್ಲ. ಅದುರಿ ಅದುರಿ ಮುರಿಯುತ್ತದೆ. ಸಣ್ಣ ಎಳೆಗಳನ್ನು ಹೊಸೆದ ತಂತಿಯನ್ನು ಬಳಸಿ, ತುದಿಗೆ ಅಳತೆಗೆ ಸರಿಯಾದ ಲಗ್ (ಜೋಡಣೆಗೆ ಬೇಕಾದ ಲೋಹದ ತುದಿ) ತೊಡಿಸಿ, ಅದಕ್ಕೆಂದೇ ಇರುವ ಇಕ್ಕಳದಿಂದ ಅದುಮಿ. ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಎಂಬ ನಂಬಿಕೆ ಇದೆ. ಆದರೆ ಕರಗಿದ ಸೀಸ ಎಳೆಗಳ ನಡುವೆ ಏರಿ ತಂತಿಯ ಆ ಭಾಗವನ್ನು ಕಡ್ಡಿಯಂತೆ ಸೆಟೆಸುತ್ತದೆ, ಸೆಟೆದ ಭಾಗ ಮುಗಿಯುವಲ್ಲಿಯೇ ಮುಂದೊಂದು ದಿನ ಮುರಿತ ಕಾಣಿಸಿಕೊಳ್ಳುತ್ತದೆ. ಲೋಹದ ತೂತಿನಲ್ಲಿ ಹಾಯುವ ಕಡೆಯೆಲ್ಲ ರಬ್ಬರಿನ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕಿ. ಮನೆಯ ಎಸಿ (ದಿಕ್ಕು ಬದಲಿಸುತ್ತಿರುವ ಪ್ರವಾಹದ) ಸ್ವಿಚ್ಚುಗಳನ್ನು ಡಿಸಿ (ಬ್ಯಾಟರಿಯ, ಒಂದೇ ದಿಕ್ಕಿನ ಪ್ರವಾಹದ) ಸಾಲಿನಲ್ಲಿ ಹಾಕಬೇಡಿ; ಎಸಿ ಪ್ರವಾಹ ಸೆಕೆಂಡಿಗೆ ನೂರು ಬಾರಿಯಾದರೂ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಆ ಅನುಕೂಲವಿಲ್ಲ.

ಈ ಎಚ್ಚರಗಳನ್ನು ಪಾಲಿಸುವುದಾದರೆ 12 ವೋಲ್ಟಿನ ಕೆಲಸವನ್ನು ನೀವೇ ಮಾಡಬಹುದು. ಹೊರಗಿನ ವಿದ್ಯುತ್ತಿನ ಭಾಗವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ, ಅದರಲ್ಲೂ ವಾಹನಗಳ ವೈರಿಂಗ್ ಬಲ್ಲವರಿಂದ, ಮಾಡಿಸಿ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಹಳೆಯ ಕ್ಯಾಂಪರಿಗೆ ಮನೆ ವೈರಿಂಗ್ ಮಾಡುವವರಿಂದ ಹೊಸ ಎಸಿ ಬೋರ್ಡ್ ಹಾಕಿಸಿದ್ದೇನೆ. ಹೊರಗಿನಿಂದ ಕರೆಂಟ್ ಕೊಟ್ಟಾಗ, ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಬೋರ್ಡಿನಲ್ಲಿ ನ್ಯೂಟ್ರಲನ್ನೂ ಅರ್ಥನ್ನೂ (ನೆಲಕ್ಕೆ ಸೇರುವ ರಕ್ಷಣೆಯ ತಂತಿ) ಒಟ್ಟಿಗೆ ಕಟ್ಟಿರುವುದು ಕಂಡಿತು. ಇದು ಸರಿಯೇ?

ಉತ್ತರ: ಸರಿಯಲ್ಲ. ಈ ಕ್ಷಣವೇ ಹೊರಗಿನ ಕೇಬಲನ್ನು ಕಳಚಿ, ದೋಷ ಸರಿಯಾಗುವವರೆಗೆ ಮತ್ತೆ ಜೋಡಿಸಬೇಡಿ. ಜುಮ್ಮೆನ್ನುವುದೆಂದರೆ ವಾಹನದ ಇಡೀ ಮೈಗೆ ವಿದ್ಯುತ್ ಬಂದಿದೆ ಎಂದರ್ಥ. ವಾಹನ ರಬ್ಬರ್ ಚಕ್ರಗಳ ಮೇಲೆ ನಿಂತಿರುವುದರಿಂದ ಆ ವಿದ್ಯುತ್ತು ನೆಲಕ್ಕೆ ಇಳಿಯಲು ದಾರಿ ಕಾಣದೆ, ನೆಲದ ಮೇಲೆ ನಿಂತು ಬಾಗಿಲು ಮುಟ್ಟುವ ಮನುಷ್ಯನನ್ನೇ ದಾರಿ ಮಾಡಿಕೊಳ್ಳುತ್ತದೆ.

ನ್ಯೂಟ್ರಲನ್ನೂ ಅರ್ಥನ್ನೂ ಕೂಡಿಸುವ ಕ್ರಮ ಕಟ್ಟಡಗಳಲ್ಲಿ ವಿದ್ಯುತ್ ಪೂರೈಕೆಯ ಮೂಲದಲ್ಲಿ ಇರುತ್ತದೆ. ನಿಮ್ಮ ಕೆಲಸದವರು ಆ ರೂಢಿಯನ್ನೇ ಕ್ಯಾಂಪರಿಗೂ ತಂದಂತಿದೆ. ಕ್ಯಾಂಪರ್ ಎಂಬುದು ಪೂರೈಕೆಯ ಮೂಲವಲ್ಲ, ಉದ್ದನೆಯ ಕೇಬಲಿನ ತುದಿಗೆ ಸಿಕ್ಕಿಸಿದ ಒಂದು ಉಪಕರಣವಷ್ಟೇ. ಇಲ್ಲಿಯೂ ಎರಡನ್ನು ಕೂಡಿಸಿದರೆ ನ್ಯೂಟ್ರಲಿನಲ್ಲಿ ಹೋಗಬೇಕಾದ ಪ್ರವಾಹ ಮೈಯ ಮೂಲಕವೂ ಹರಿಯತೊಡಗುತ್ತದೆ. ಕೇಬಲಿನ ಅರ್ಥ್ ತಂತಿ ಕೆಟ್ಟಿದ್ದು, ಜೊತೆಗೆ ನ್ಯೂಟ್ರಲ್ ಕಡಿದರೆ ಅಥವಾ ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಆಗ ಮೈಯ ಮೇಲೆ ಪೂರ್ಣ ವೋಲ್ಟೇಜ್ ಕುಳಿತಿರುತ್ತದೆ. ನಿಮ್ಮಲ್ಲಿ ಅರ್ಥ್ ದಾರಿಯೂ ಎಲ್ಲೋ ತಪ್ಪಿದೆ ಎಂದೇ ಇದರಿಂದ ಊಹಿಸಬೇಕು. ಕೇಬಲನ್ನೂ ಎರಡು ತುದಿಯ ಪ್ಲಗ್ಗುಗಳನ್ನೂ ಸಾಕೆಟ್ಟನ್ನೂ ಪರೀಕ್ಷಿಸಲು ಹೇಳಿ.

ಬೋರ್ಡಿನ ನ್ಯೂಟ್ರಲ್ ಪಟ್ಟಿಯನ್ನು ಅರ್ಥಿನಿಂದಲೂ ಲೋಹದ ಪೆಟ್ಟಿಗೆಯಿಂದಲೂ ಪೂರ್ತಿಯಾಗಿ ಬೇರ್ಪಡಿಸಿ, ಅರ್ಥ್ ಪಟ್ಟಿಯನ್ನು ಚಾಸಿಗೂ ಲೋಹದ ಮೈಗೂ ಬೋಲ್ಟ್ ಹಾಕಿ ಭದ್ರವಾಗಿ ಸೇರಿಸಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಮ್ಮೆಗೇ ಕಡಿಯುವ ಬ್ರೇಕರ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಆರ್‌ಸಿಸಿಬಿ ಪ್ರವೇಶದಲ್ಲೇ ಇರಲಿ. ಜನರೇಟರ್ ಅಥವಾ ಇನ್ವರ್ಟರಿನಿಂದ ನಡೆಸುವಾಗ ಮೂಲ ಬೇರೆಯಾಗುವುದರಿಂದ ನ್ಯೂಟ್ರಲ್ ಅರ್ಥ್ ಜೋಡಣೆಯ ಲೆಕ್ಕವೂ ಬೇರೆ. ಆ ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆಯೇ ಮಾಡಿಸಿ.

ಪ್ರಶ್ನೆ: ಕ್ಯಾಂಪರಿನ ಹಳೆಯ ಚಾರ್ಜರ್ ಗುಂಯ್‌ಗುಡುತ್ತದೆ, ಆದರೆ ಕೆಲಸ ಮಾಡುತ್ತದೆ. ಅದಕ್ಕೇ ಲಿಥಿಯಂ ಬ್ಯಾಟರಿ ಜೋಡಿಸಬಹುದೇ?

ಉತ್ತರ: ಬೇಡ. ಆ ಕಾಲದ ಚಾರ್ಜರುಗಳು ಬ್ಯಾಟರಿ ತುಂಬಿದೆಯೇ ಎಂದು ನೋಡುವುದಿಲ್ಲ; ಸೀಸದ ಬ್ಯಾಟರಿಯ ನೀರನ್ನೇ ಕುದಿಸಿ ಒಣಗಿಸುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಅದಕ್ಕೆ ಹೊಂದುವ ಚಾರ್ಜರೇ ಬೇಕು. ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಅದನ್ನು ಚಾರ್ಜ್ ಮಾಡಲೂಬಾರದು. ಸೀಸದ್ದೇ ಸಾಕೆಂದಾದರೆ, 100 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸುವಂತೆ ಲೆಕ್ಕ ಹಾಕಿ, ಅದರಿಂದ ಹೊರಡುವ ಹೈಡ್ರೋಜನ್ ವಾಹನದ ಹೊರಗೆ ಹೋಗುವಂತೆ ಗಾಳಿದಾರಿ ಮಾಡಿ.

ಪ್ರಶ್ನೆ: ವೈರಿಂಗ್ ಮುಗಿದಿದೆ. ಗೋಡೆಗೆ ಥರ್ಮೊಕೋಲ್ ಹಾಳೆ ತುಂಬಿ ಹಲಗೆ ಮುಚ್ಚುವ ಮೊದಲು ನೋಡಬೇಕಾದದ್ದೇನಾದರೂ ಇದೆಯೇ?

ಉತ್ತರ: ಇದೆ. ಪಿವಿಸಿ ತಂತಿ ಥರ್ಮೊಕೋಲಿಗೆ ತಗುಲಿಕೊಂಡಿರುವಂತೆ ಬಿಡಬೇಡಿ. ಪಿವಿಸಿಯನ್ನು ಮೆದುವಾಗಿಡುವ ರಾಸಾಯನಿಕ ನಿಧಾನವಾಗಿ ಥರ್ಮೊಕೋಲಿಗೆ ಇಳಿದುಹೋಗಿ, ತಂತಿಯ ಹೊದಿಕೆ ಗಡುಸಾಗಿ ಒಡೆಯುತ್ತದೆ, ಥರ್ಮೊಕೋಲೂ ಕರಗಿದಂತಾಗುತ್ತದೆ. ತಂತಿಗಳನ್ನು ಪೈಪಿನೊಳಗೆ ಹಾಯಿಸಿ. ಎಸಿಗೆ ಒಂದು, ಡಿಸಿಗೆ ಇನ್ನೊಂದು. ಸುತ್ತಲೂ ಶಾಖನಿರೋಧಕ ತುಂಬಿದ ತಂತಿಗೆ ತನ್ನ ಬಿಸಿಯನ್ನು ಹೊರಬಿಡಲಾಗದ ಕಾರಣ, ಹೆಚ್ಚು ಆಂಪಿಯರಿನ ಸಾಲುಗಳಿಗೆ ಲೆಕ್ಕಕ್ಕಿಂತ ಒಂದು ಅಳತೆ ಹೆಚ್ಚು ದಪ್ಪದ ತಂತಿ ಹಾಕಿದ್ದರೆ ಒಳಿತು.

ಮಳೆನೀರಿನ ಸೋರಿಕೆಯನ್ನು ಇನ್ನೂ ನಿಲ್ಲಿಸಿಲ್ಲವಾದರೆ ಮೊದಲು ಅದನ್ನು ಮುಗಿಸಿ. ಆಮೇಲೆ ಎಲ್‌ಇಡಿ, ಚಾರ್ಜರ್ ಮುಂತಾದ ಎಲೆಕ್ಟ್ರಾನಿಕ್ ಸಾಮಾನುಗಳನ್ನೆಲ್ಲ ಕಳಚಿಟ್ಟು, ಎಸಿ ಸಾಲುಗಳನ್ನು 500 ವೋಲ್ಟಿನ ಮೆಗ್ಗರಿನಿಂದ (ತಂತಿಯ ಹೊದಿಕೆಯ ರೋಧ ಅಳೆಯುವ ಉಪಕರಣ) ಪರೀಕ್ಷಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ; ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಎಲ್ಲೋ ಹೊದಿಕೆ ಗಾಯಗೊಂಡಿದೆ ಎಂದೇ ತಿಳಿಯಬೇಕು. ಡಿಸಿ ಕಡೆ ಎಲ್ಲ ಉಪಕರಣಗಳನ್ನೂ ಮತ್ತೆ ಜೋಡಿಸಿ ಒಟ್ಟಿಗೆ ಚಾಲೂ ಮಾಡಿ, ಅರ್ಧ ಗಂಟೆ ಬಿಟ್ಟು, ಬ್ಯಾಟರಿಯಲ್ಲೂ ಅತಿ ದೂರದ ಉಪಕರಣದಲ್ಲೂ ವೋಲ್ಟೇಜ್ ಅಳೆದು ವ್ಯತ್ಯಾಸ ನೋಡಿ. ಬಳಿಕ ಸ್ವಿಚ್ಚುಗಳನ್ನು ಆರಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಪ್ರತಿ ಲಗ್ಗನ್ನೂ ಕೈಯಿಂದ ಮುಟ್ಟಿ ನೋಡುತ್ತಾ ಬನ್ನಿ; ಉಳಿದವುಗಳಿಗಿಂತ ಬೆಚ್ಚಗಿರುವುದನ್ನು ಕತ್ತರಿಸಿ ಹೊಸದಾಗಿ ಅದುಮಿ. ನಕ್ಷೆಯ ಒಂದು ಪ್ರತಿಯನ್ನು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ ಮೇಲೆ ಹಲಗೆಗಳನ್ನು ಮುಚ್ಚಬಹುದು.