ಅಕ್ಕನ್ನ ಕೇಳಿ: ಮನೆ ಪ್ರಾರ್ಥನೆ, ಮನೆ ಜಗಳ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕುಟುಂಬ ಪ್ರಾರ್ಥನೆ, ವಾರದ ಬೈಬಲ್ ಸ್ಟಡಿ ಇದೇ ವಿಷಯ. ಅದಕ್ಕೆ ಉಳಿದಿದ್ದನ್ನ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೀನಿ, ಮದುವೆ ವಿಷಯ ಕೇಳಿರೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ನಾವು ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆಲಿ ಇರೋದು. ಮನೆಯವರು ಮುಂಬೈನ ಫೋರ್ಟ್ ಆಫೀಸ್‌ನಿಂದ ಬರೋಷ್ಟರಲ್ಲಿ ರಾತ್ರಿ ಒಂಬತ್ತೂವರೆ. ಆಮೇಲೆ ಅತ್ತೆ ಎಲ್ಲರನ್ನೂ ಪ್ರಾರ್ಥನೆಗೆ ಕೂರಿಸ್ತಾರೆ. ಬೀದರ್ ಕಡೆ ಊರಲ್ಲಿ ಹೆಂಗಿತ್ತೋ ಹಂಗೇ ಬೇಕು ಅವರಿಗೆ, ಎರಡು ಹಾಡು, ಒಂದು ಕೀರ್ತನೆ, ಒಂದು ಪೂರ್ತಿ ಅಧ್ಯಾಯ, ಆಮೇಲೆ ಬೀಗರು ನೆಂಟರು ಎಲ್ಲರ ಹೆಸರು ಹಿಡಿದು ಪ್ರಾರ್ಥನೆ, ಮುಕ್ಕಾಲು ಗಂಟೆ. ಮಗ ಕೂತಲ್ಲೇ ನಿದ್ದೆ, ಮಗಳು ದುಪಟ್ಟಾ ಕೆಳಗೆ ಮೊಬೈಲ್. ಸ್ವಲ್ಪ ಕಮ್ಮಿ ಮಾಡೋಣ ಅಂದ್ರೆ ‘ಮುಂಬೈಗೆ ಬಂದು ನಿಮ್ಮ ಭಕ್ತಿ ಹೋಯ್ತು’ ಅಂತಾರೆ. ಏನ್ ಮಾಡ್ಲಿ? (ಹೆಸರು ಬೇಡ)

ಉತ್ತರ: ತಂಗೀ, ಮೊದಲು ಮಗನಿಗೆ ಬೈಯೋದು ನಿಲ್ಲಿಸು. ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೆದು ನೋಡು, ತ್ರೋವ ಅನ್ನೋ ಊರಲ್ಲಿ ಅಪೊಸ್ತಲ ಪೌಲ ಮಧ್ಯರಾತ್ರಿ ತನಕ ಮಾತಾಡ್ತಾನೆ, ಕಿಟಕಿಯಲ್ಲಿ ಕೂತಿದ್ದ ಯೂತಿಖ ಅನ್ನೋ ಹುಡುಗ ತೂಕಡಿಸಿ ಮೂರನೇ ಅಂತಸ್ತಿಂದ ಕೆಳಗೇ ಬೀಳ್ತಾನೆ. ಪೌಲನಂಥವನು ಮಾತಾಡಿದ್ರೂ ನಿದ್ದೆ ಬಂತು, ಇನ್ನು ನಾವೆಷ್ಟರವರು.

ಧರ್ಮೋಪದೇಶಕಾಂಡ 6:7ರಲ್ಲಿ ಮಕ್ಕಳಿಗೆ ದೇವರ ವಾಕ್ಯ ಹೇಳಿಕೊಡೋಕೆ ಕೊಟ್ಟಿರೋ ಟೈಮ್ ಯಾವುದು ಅಂದ್ರೆ ಮನೇಲಿ ಕೂತಾಗ, ದಾರೀಲಿ ನಡೆಯೋವಾಗ, ಮಲಗೋವಾಗ, ಏಳೋವಾಗ. ಒಂಬತ್ತೂವರೆಗೆ ಮುಕ್ಕಾಲು ಗಂಟೆ ಅಂತ ಎಲ್ಲೂ ಇಲ್ಲ. ಹಾಗಾಗಿ ಟ್ಯೂಷನ್ ಮುಗಿದು ಸೀರಿಯಲ್ ಶುರುವಾಗೋ ಮುಂಚೆ ಏಳೂವರೆ ಹೊತ್ತಿಗೆ ಹತ್ತು ಹನ್ನೆರಡು ನಿಮಿಷ ಕೂತ್ಕೊಳ್ಳಿ, ಸಾಕು. ಒಂದು ಹಾಡಿನ ಎರಡು ಚರಣ, ಅರ್ಧ ಅಧ್ಯಾಯ, ಒಂದು ಪ್ರಶ್ನೆ, ಆಮೇಲೆ ಪ್ರತಿಯೊಬ್ಬರೂ ಒಂದೊಂದು ವಾಕ್ಯದ ಪ್ರಾರ್ಥನೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ದಿನಕ್ಕೆ ಅರ್ಧ ಅಂದ್ರೆ ಹೆಚ್ಚುಕಮ್ಮಿ ಒಂದು ತಿಂಗಳಲ್ಲಿ ಮುಗಿಯುತ್ತೆ. ಆಮೇಲೆ ರೂತಳು, ಯೋನ, ಎರಡೂ ನಾಲ್ಕು ನಾಲ್ಕೇ ಅಧ್ಯಾಯ. ದಯವಿಟ್ಟು ಜನವರಿ ಒಂದಕ್ಕೆ ಆದಿಕಾಂಡದಿಂದ ಶುರು ಮಾಡೋ ಉತ್ಸಾಹ ಬೇಡ, ವಿಮೋಚನಕಾಂಡದಲ್ಲಿ ಗುಡಾರದ ಅಳತೆಗಳು ಬರ್ತಿದ್ದ ಹಾಗೆ ಮನೆಮಂದಿಯೆಲ್ಲ ಕೈಬಿಡ್ತಾರೆ, ಯಾಜಕಕಾಂಡದ ತನಕ ಬಂದು ಮುಟ್ಟೋರೇ ಕಮ್ಮಿ.

ಯಜಮಾನರು? ಕಸಾರಾ ಫಾಸ್ಟ್ ಲೋಕಲ್‌ನಲ್ಲಿ ನಿಂತ್ಕೊಂಡು ಬೈಬಲ್ ಹಿಡಿಯೋಕೆ ಕೈ ಎಲ್ಲಿ ಖಾಲಿ ಇರುತ್ತೆ, ಆದ್ರೆ ಕಿವಿ ಖಾಲಿ ಇರುತ್ತಲ್ಲ. ಮೊಬೈಲ್‌ನಲ್ಲಿ ಕನ್ನಡ ಆಡಿಯೊ ಬೈಬಲ್ ಇದೆ, ನೀವು ಓದಿದ ಭಾಗಾನೇ ಅವರೂ ಕೇಳ್ಕೊಂಡು ಬರಲಿ, ಊಟಕ್ಕೆ ಕೂತಾಗ ‘ಇವತ್ತು ಏನಿತ್ತು’ ಅಂತ ಮಗಳನ್ನ ಒಂದು ಮಾತು ಕೇಳಲಿ. ಮಲಗೋ ಮುಂಚೆ ಮಕ್ಕಳ ತಲೆ ಮೇಲೆ ಕೈ ಇಟ್ಟು ಅರಣ್ಯಕಾಂಡ 6:24ರಿಂದ 26ರ ಆಶೀರ್ವಾದ ಹೇಳಲಿ, ಒಂದು ನಿಮಿಷಾನೂ ಆಗಲ್ಲ. ಅಪ್ಪಂದಿರು ಇದಕ್ಕೆ ನಾಚ್ಕೋತಾರೆ ಯಾಕೋ.

ಅತ್ತೆ ಜೊತೆ ವಾದ ಬೇಡ. ಭಾನುವಾರ ಮಧ್ಯಾಹ್ನದ ಪ್ರಾರ್ಥನೆ ಪೂರ್ತಿ ಅವರದು ಅಂತ ಬಿಟ್ಟುಕೊಡು, ಎರಡು ಹಾಡಲ್ಲ ನಾಲ್ಕು ಹಾಡಲಿ. ಅವರ ಹೆಸರುಗಳ ಪಟ್ಟಿಯನ್ನ ಏಳು ದಿನಕ್ಕೆ ಹಂಚಿ ಕ್ಯಾಲೆಂಡರ್ ಮೇಲೆ ಬರೆಸು, ಸೋಮವಾರ ಹುಮನಾಬಾದ್ ನೆಂಟರು, ಮಂಗಳವಾರ ಭಾಲ್ಕಿಯವರು, ಹೀಗೆ. ಯಾರ ಹೆಸರೂ ಬಿಡಲ್ಲ ಅಂತ ಗೊತ್ತಾದ್ರೆ ಅವರಿಗೂ ಸಮಾಧಾನ.

ಮಗಳ ವಿಷಯ ಬೇರೆ. ಅವಳನ್ನ ಎಲ್ಲರ ಮಧ್ಯೆ ಕೂರಿಸಿ ಪ್ರಶ್ನೆ ಕೇಳಿದ್ರೆ ಬಾಯಿ ಬಿಡಲ್ಲ, ಆ ವಯಸ್ಸೇ ಹಂಗೆ. ಮೆಥಡಿಸ್ಟ್ ಸಭೆ ಶುರುವಾಗೋಕೆ ಕಾರಣರಾದ ಜಾನ್ ವೆಸ್ಲಿಯವರ ತಾಯಿ ಸುಸಾನಾ ಮನೆ ತುಂಬ ಮಕ್ಕಳಿದ್ರೂ ವಾರದಲ್ಲಿ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಒಬ್ಬರೇ ಕೂತು ಮಾತಾಡ್ತಿದ್ರು, ಜಾನ್‌ದು ಗುರುವಾರ. ದೊಡ್ಡವನಾದ ಮೇಲೂ ಆ ಗುರುವಾರವನ್ನ ಅವರು ಮರೀಲಿಲ್ಲ. ಅದೇ ಸುಸಾನಾ 1711-12ರ ಚಳಿಗಾಲದಲ್ಲಿ ಗಂಡ ಲಂಡನ್‌ಗೆ ಹೋಗಿದ್ದಾಗ ಎಪ್‌ವರ್ತ್‌ನ ಮನೇಲಿ ಮಕ್ಕಳಿಗೆ ಆಳುಗಳಿಗೆ ಅಂತ ಭಾನುವಾರ ಸಂಜೆ ಓದು ಪ್ರಾರ್ಥನೆ ಇಟ್ರೆ ಅಕ್ಕಪಕ್ಕದವರೂ ಬಂದು ಬಂದು ಇನ್ನೂರು ಜನ ಆದ್ರಂತೆ, ಸಭೆಯ ಉಪಗುರು ಗಂಡನಿಗೆ ದೂರು ಬರೆದ. ಹೆಂಗಸು ಮನೇಲಿ ಪ್ರಾರ್ಥನೆ ನಡೆಸಿದ್ರೆ ದೂರು ಹೇಳೋರು ಆಗಲೂ ಇದ್ರು ನೋಡು. ನೀನೂ ವಾರಕ್ಕೊಂದು ಸಲ ಮಗಳನ್ನ ಭಾಜಿ ಮಾರ್ಕೆಟ್‌ಗೆ ಕರ್ಕೊಂಡು ಹೋಗು, ದಾರೀಲಿ ನಡೆಯೋವಾಗ ಅಂತ ಮೇಲೆ ಹೇಳಿದ್ನಲ್ಲ, ಅದೇ.

ಪ್ರಶ್ನೆ: ಪಿಂಪ್ರಿಯಲ್ಲಿದ್ದೀವಿ. ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಪ್ರಾರ್ಥನೆಯನ್ನ ಇಂಗ್ಲಿಷ್‌ಗೆ ಬದಲಾಯಿಸಿಬಿಡಲಾ?

ಉತ್ತರ: ಬದಲಾಯಿಸೋದು ಯಾಕೆ ಬ್ರದರ್, ಸೇರಿಸ್ಕೊಳ್ಳಿ. ಮಗ ಇಂಗ್ಲಿಷ್‌ನಲ್ಲಿ ಓದಲಿ, ಮಗಳು ಸ್ಕೂಲಲ್ಲಿ ಕಲಿತ ಮರಾಠಿಯಲ್ಲಿ ಅದೇ ವಚನ ಓದಲಿ, ನೀವು ಕನ್ನಡದಲ್ಲಿ ಓದಿ, ಆಮೇಲೆ ಮಾತುಕತೆ ಕನ್ನಡದಲ್ಲೇ ಆಗಲಿ. ನೆಹೆಮೀಯ 8ರಲ್ಲೂ ಓದೋದರ ಜೊತೆಗೆ ಜನಕ್ಕೆ ತಿಳಿಯೋ ಹಾಗೆ ವಿವರಿಸಿದ್ರು ಅಂತಾನೇ ಇದೆ. ಮರಾಠಿ ಬೈಬಲ್ ಪರರದ್ದು ಅಂದ್ಕೋಬೇಡಿ, ನಿಮ್ಮಿಂದ ಅಷ್ಟೇನು ದೂರ ಇಲ್ಲದ ಕೇಡಗಾವ್‌ನಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಆಸರೆಯಾಗಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಆಕೆ ಹೀಬ್ರು ಗ್ರೀಕ್ ಕಲಿತು, ಓದುಬರಹ ಕಮ್ಮಿ ಇರೋ ಹೆಂಗಸರಿಗೂ ತಿಳಿಯಲಿ ಅಂತ ಬೈಬಲನ್ನ ಸರಳ ಮರಾಠಿಗೆ ತಂದ್ರು, 1922ರಲ್ಲಿ ತೀರಿಕೊಳ್ಳೋ ತನಕ ಅದೇ ಕೆಲಸ.

ಇನ್ನೊಂದು, ನಮ್ಮ ಹಳೇ ಸತ್ಯವೇದದ ಭಾಷೆ ಬೆಂಗಳೂರಲ್ಲಿ ಕನ್ನಡ ಮೀಡಿಯಂ ಓದಿದ ಮಕ್ಕಳಿಗೂ ಕಷ್ಟಾನೇ. ಪೂರ್ತಿ ಕನ್ನಡ ಬೈಬಲ್ ಬಳ್ಳಾರಿ ಮಿಷನ್‌ನವರ ಕೈಯಿಂದ ಹೊರಬಂದಿದ್ದು 1831ರಲ್ಲಿ, ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ, ಈಗ ಸುಲಭ ಕನ್ನಡದ್ದೂ ಸಿಗುತ್ತೆ, ತಗೊಳ್ಳಿ. ಹಾಡು ಮಾತ್ರ ಕನ್ನಡದ್ದೇ ಇರಲಿ, ಅದನ್ನ ಮಕ್ಕಳು ಕಿವಿಯಿಂದಾನೇ ಕಲೀತಾರೆ, ಅಕ್ಷರ ಬೇಕಾಗಿಲ್ಲ.

ಪ್ರಶ್ನೆ: ಮೀರಾ ರೋಡ್‌ನಲ್ಲಿ ನಾವು ಎಂಟು ಮನೆಯವರು ಸೇರಿ ಶುಕ್ರವಾರ ಬೈಬಲ್ ಸ್ಟಡಿ ಮಾಡ್ತೀವಿ. ಸ್ಟಡಿ ಅಂತ ಹೆಸರಷ್ಟೇ. ಹಿರಿಯ ಅಂಕಲ್ ಒಬ್ಬರಿದ್ದಾರೆ, ಅವರು ಶುರು ಮಾಡಿದ್ರೆ ನಲವತ್ತು ನಿಮಿಷ, ಮಿಕ್ಕವರು ಆಮೆನ್ ಅಂದು ಮನೆಗೆ ಹೋಗೋದು. ಹೊಸಬರು ಎರಡು ವಾರ ಬಂದು ನಿಲ್ಲಿಸಿಬಿಡ್ತಾರೆ. ಅವರ ಮನಸ್ಸು ನೋಯಿಸದೆ ಹೆಂಗೆ ಸರಿ ಮಾಡೋದು?

ಉತ್ತರ: ಇದೇ ಪ್ರಶ್ನೆ ಕಲ್ಯಾಣ್‌ನಿಂದಲೂ ಬಂದಿದೆ, ಠಾಣೆಯಿಂದಲೂ ಬಂದಿದೆ, ಒಂದೇ ಅಂಕಲ್ ಎಲ್ಲಾ ಕಡೆ ಹೋಗ್ತಾರೋ ಏನೋ.

ತಪ್ಪು ಅಂಕಲ್‌ದು ಮಾತ್ರ ಅಲ್ಲ. ಪ್ರಸಂಗ ಕೇಳೋಕೆ ಭಾನುವಾರ ಇದೆ, ಶುಕ್ರವಾರ ಸೇರೋದು ಎಲ್ಲರೂ ಬಾಯಿ ಬಿಡೋಕೆ. ಇದು ಯಾರೂ ಗಟ್ಟಿಯಾಗಿ ಹೇಳಿರಲ್ಲ, ಹೇಳದೇ ಇದ್ರೆ ಮಾತು ಬರೋರು ಮಾತಾಡ್ತಾನೇ ಇರ್ತಾರೆ. ನಿಮ್ಮಲ್ಲಿ ಮೆಥಡಿಸ್ಟ್ ಸಭೆಯವರು ಇರಬೇಕು, ಅವರಿಗೆ ‘ಕ್ಲಾಸ್ ಮೀಟಿಂಗ್’ ಕಥೆ ನೆನಪಿಸಿ. 1742ರಲ್ಲಿ ವೆಸ್ಲಿಯವರ ಕಾಲದ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸೋಕೆ ಒಬ್ಬೊಬ್ಬರು ವಾರಕ್ಕೆ ಒಂದು ಪೆನ್ನಿ ಕೊಡಬೇಕು ಅಂತ ಆಯ್ತು, ಹನ್ನೆರಡು ಹನ್ನೆರಡು ಜನಕ್ಕೆ ಒಬ್ಬ ಲೀಡರ್. ಅವನು ದುಡ್ಡು ಕೇಳೋಕೆ ಮನೆ ಮನೆಗೆ ಹೋದಾಗ ಯಾರ ಮನೇಲಿ ಏನು ಕಷ್ಟ, ಯಾರು ಕುಡೀತಿದ್ದಾರೆ, ಯಾರು ಜಗಳದಲ್ಲಿದ್ದಾರೆ ಎಲ್ಲಾ ಗೊತ್ತಾಗೋಕೆ ಶುರುವಾಯ್ತು, ಅದರಿಂದ ವಾರಕ್ಕೊಂದು ಸಲ ಎಲ್ಲರೂ ಒಟ್ಟಿಗೆ ಸೇರೋ ಪದ್ಧತಿ ಬಂತು. ಆ ಲೀಡರ್ ಪಂಡಿತ ಏನಲ್ಲ, ಸಾಮಾನ್ಯ ಕೆಲಸಗಾರ, ಎಷ್ಟೋ ಕಡೆ ಹೆಂಗಸರು. ಅವರ ಕೆಲಸ ಕೇಳೋದು, ನಿನ್ನ ಆತ್ಮ ಹೆಂಗಿದೆ ಅಂತ ಕೇಳಿ ಉತ್ತರಕ್ಕೆ ಕಾಯೋದು.

ಈಗ ಒಂದು ಸ್ಟಡಿ ಹೆಂಗೆ ನಡೆಸೋದು ಅಂತ ಹೇಳ್ತೀನಿ, ಮುಂದಿನ ಶುಕ್ರವಾರಾನೇ ಮಾಡಿ. ಮಾರ್ಕ 2:1-12. ಕಪೆರ್ನೌಮಿನ ಮನೆ, ಬಾಗಿಲ ಹತ್ರಾನೂ ಜಾಗ ಇಲ್ಲ, ನಮ್ಮ ಒನ್ ಆರ್‌ಕೆ ಪ್ರೇಯರ್ ಥರಾನೇ. ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗಿಯನ್ನ ಹೊತ್ಕೊಂಡು ಬಂದು ಚಾವಣಿ ಕಿತ್ತು ಇಳಿಸ್ತಾರೆ. ಎರಡು ಸಲ ಓದಿಸಿ, ಎರಡನೇ ಸಲ ಬೇರೆಯವರು ಓದಲಿ. ಅರ್ಥ ಏನು ಅಂತ ತಕ್ಷಣ ಕೇಳಬೇಡಿ, ಅರ್ಥ ಅಂದ ಕೂಡಲೇ ಜನ ಅಂಕಲ್ ಕಡೆ ನೋಡ್ತಾರೆ. ಕಣ್ಣಿಗೆ ಕಾಣೋದನ್ನ ಕೇಳಿ. ಒಳಗೆ ಕೂತಿರೋರ ತಲೆ ಮೇಲೆ ಏನು ಬಿತ್ತು? ಮನೆಯವನಿಗೆ ಏನು ಅನ್ನಿಸಿರಬೇಕು? (ಚಾವಣಿ ರಿಪೇರಿ ದುಡ್ಡು ಯಾರು ಕೊಟ್ರು ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಕೇಳಲಿ, ಬಾಡಿಗೆ ಮನೇಲಿರೋರಿಗೆ ಅದು ದೊಡ್ಡ ಪ್ರಶ್ನೆ.) ಲೂಕ 5:19ರಲ್ಲಿ ಇದೇ ಕಥೆ ನೋಡಿ, ಅಲ್ಲಿ ಹಂಚು ತೆಗೆದ್ರು ಅಂತ ಇದೆ, 1865ರಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಹಂಚಿನ ಕಾರ್ಖಾನೆ ಗೊತ್ತಿರೋ ಮಂಗಳೂರಿನವರು ನಿಮ್ಮಲ್ಲಿದ್ರೆ ಅಲ್ಲಿಂದಾನೇ ಮಾತು ಶುರುವಾಗುತ್ತೆ. ಆಮೇಲೆ ಐದನೇ ವಚನಕ್ಕೆ ಬನ್ನಿ, ಯೇಸು ಯಾರ ನಂಬಿಕೆ ನೋಡಿದ? ರೋಗಿಯದು ಅಂತ ಬರೆದಿಲ್ಲ, ‘ಅವರ’ ನಂಬಿಕೆ. ರೋಗಿ ಅಲ್ಲಿ ಬಾಯೇ ತೆಗೆದಿಲ್ಲ. ಹಾಗಾದ್ರೆ ನಮ್ಮಲ್ಲಿ ಈಗ ಯಾರು ಚಾಪೆ ಮೇಲಿದ್ದಾರೆ, ಯಾರು ಹೊರ್ತಿದ್ದಾರೆ? ಇಲ್ಲಿಗೆ ಬಂದಾಗ ಸುಮ್ಮನಿರಿ. ಅರ್ಧ ನಿಮಿಷ ಫ್ಯಾನ್ ಶಬ್ದ ಬಿಟ್ರೆ ಏನೂ ಕೇಳಿಸಲ್ಲ, ಲೀಡರ್‌ಗೆ ಎದೆ ಹೊಡ್ಕೊಳ್ಳುತ್ತೆ, ತಡೀರಿ, ಯಾರೋ ಒಬ್ಬರು ಮಾತಾಡ್ತಾರೆ. ಬಹಳಷ್ಟು ಸಲ ನೀವು ಅಂದ್ಕೊಳ್ಳದೇ ಇದ್ದವರು.

ನಿಯಮ ಒಂದೇ ಸಾಕು: ಎಲ್ಲರೂ ಒಂದು ಸಲ ಮಾತಾಡೋ ತನಕ ಯಾರೂ ಎರಡನೇ ಸಲ ಮಾತಾಡೋ ಹಾಗಿಲ್ಲ, ಬೇಡ ಅನ್ನೋರು ‘ಪಾಸ್’ ಅನ್ನಬಹುದು. ಅಂಕಲ್‌ಗೆ ಮೊದಲೇ ಅವರ ಮನೆಗೆ ಹೋಗಿ ಹೇಳಿ, ಎಲ್ಲರ ಮುಂದೆ ಅಲ್ಲ. ‘ಅಂಕಲ್, ನೀವು ಮೊದಲೇ ಹೇಳಿಬಿಟ್ರೆ ಹುಡುಗರು ಬಾಯಿ ತೆಗೆಯಲ್ಲ, ಕೊನೆಗೆ ಐದು ನಿಮಿಷ ನಿಮ್ಮದು’ ಅನ್ನಿ. ಅವರಿಗೆ ನಿಜವಾಗ್ಲೂ ವಾಕ್ಯ ಗೊತ್ತಿದ್ರೆ ಹೊಸದಾಗಿ ಬಂದಿರೋ ಒಬ್ಬ ಹುಡುಗನ್ನ ಒಪ್ಪಿಸಿ, ವಾರವಿಡೀ ಅವನಿಗೆ ಕಲಿಸಲಿ. ಬೆರೋಯ ಅನ್ನೋ ಊರಿನವರು ಪೌಲ ಹೇಳಿದ್ದನ್ನೂ ಸುಮ್ಮನೆ ಒಪ್ಪದೆ ದಿನಾ ಶಾಸ್ತ್ರ ತೆಗೆದು ಹೌದಾ ಅಂತ ನೋಡ್ತಿದ್ರು, ಅಂಥವರನ್ನ ಬೈಬಲ್ ಹೊಗಳುತ್ತೆ, ಇದನ್ನೂ ಅವರಿಗೆ ನಯವಾಗಿ ತೋರಿಸಿ.

ಇನ್ನು ಪ್ರಾರ್ಥನೆ ವಿಷಯ. ಶುಕ್ರವಾರ ರಾತ್ರಿ ಒಬ್ಬ ಅಕ್ಕ ಅತ್ತು ಹೇಳ್ಕೊಂಡ ಗಂಡನ ಕುಡಿತದ ವಿಷಯ ಭಾನುವಾರ ಚರ್ಚ್ ಗೇಟ್ ಹತ್ರ ಚಹಾ ಜೊತೆ ಸಿಗುತ್ತೆ, ಸೋಮವಾರ ಊರಿಗೂ ಫೋನ್ ಹೋಗುತ್ತೆ, ‘ಪ್ರಾರ್ಥನೆ ಮಾಡಿ’ ಅನ್ನೋ ಹೆಸರಲ್ಲೇ. ಇದು ಚಾಡಿ, ಬೇರೆ ಹೆಸರು ಬೇಡ. ಗ್ರೂಪಿನ ವಾಟ್ಸಾಪ್‌ಗೂ ಹಾಕಬೇಡಿ. ಒಂದು ಸಲ ಹೀಗಾದ್ರೆ ಆ ಅಕ್ಕ ಮುಂದಿನ ಹತ್ತು ವರ್ಷ ‘ಎಲ್ಲಾ ಚೆನ್ನಾಗಿದೆ, ಸ್ತೋತ್ರ’ ಅಂತಷ್ಟೇ ಹೇಳ್ತಾಳೆ.

ಪ್ರಶ್ನೆ: ವಾಸ್ಕೋದಿಂದ ಬರೀತಿದ್ದೀನಿ. ನಾನು ವಿಶ್ವಾಸಿ, ಗಂಡ ಅಲ್ಲ. ಒಳ್ಳೆಯವರು, ತಡೆಯೋದೂ ಇಲ್ಲ, ಸೇರೋದೂ ಇಲ್ಲ. ಮಗನ ಜೊತೆ ಹೆಂಗೆ ಪ್ರಾರ್ಥನೆ ಮಾಡ್ಲಿ?

ಉತ್ತರ: ಬಾಗಿಲು ಹಾಕ್ಕೊಂಡು ಗುಟ್ಟಾಗಿ ಮಾಡಬೇಡಿ ತಂಗೀ, ಅವರು ಕೂತಿರೋ ಹಾಲ್‌ನಲ್ಲೇ ಐದು ನಿಮಿಷ ಮಾಡಿ. ಪೌಲನ ಶಿಷ್ಯ ತಿಮೊಥೆಯನ ತಂದೆ ಗ್ರೀಕನು, ನಂಬಿಕೆ ಬಂದಿದ್ದು ಅಜ್ಜಿ ಲೋವಿ, ತಾಯಿ ಯೂನಿಕೆ ಇವರಿಂದ, ನಿಮ್ಮಂಥ ಮನೆ ಬೈಬಲ್‌ಗೆ ಹೊಸದಲ್ಲ. ಒಂದೇ ಒಂದು ಎಚ್ಚರ, ಗಂಡನ ಕಿವಿಗೆ ಬೀಳೋ ಹಾಗೆ ‘ಕರ್ತನೇ ಇವರ ಕಣ್ಣು ತೆರೆಯಪ್ಪಾ’ ಅಂತ ಪ್ರಾರ್ಥನೆ ಮಾಡಬೇಡಿ. ಅದು ದೇವರಿಗೆ ಹೇಳಿದ್ದಲ್ಲ, ಗಂಡನಿಗೆ ಹೇಳಿದ್ದು, ಅವರಿಗೂ ಗೊತ್ತಾಗುತ್ತೆ. ಅವರ ಕೆಲಸಕ್ಕೆ, ಅವರ ತಾಯಿಯ ಸಕ್ಕರೆ ಕಾಯಿಲೆಗೆ ಮಗನ ಕೈಲಿ ಪ್ರಾರ್ಥನೆ ಮಾಡಿಸಿ.

ಪ್ರಶ್ನೆ: ನಮ್ಮ ಸೊಸೈಟಿ ಸೆಕ್ರೆಟರಿ ಮನೆ ಕೂಟದ ಗಲಾಟೆ ಬಗ್ಗೆ ಲೆಟರ್ ಕೊಟ್ಟಿದ್ದಾರೆ. ಇದು ವಿರೋಧನಾ?

ಉತ್ತರ: ಮೊದಲು ಮೈಕ್ ಇತ್ತಾ ಹೇಳಿ. ಹನ್ನೆರಡು ಜನ ಕೂರೋ ಹಾಲ್‌ಗೆ ಮೈಕ್, ಸ್ಪೀಕರ್, ಢೋಲಕ್ ಯಾಕೆ? 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6 ಅಂದ್ರೆ ರಾತ್ರಿ, ವಸತಿ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45, ಇದು ನಮ್ಮ ಮನೆ ಕೂಟಕ್ಕೂ ಅನ್ವಯಿಸುತ್ತೆ. ಚಪ್ಪಾಳೆ ಸಾಕು, ಒಂಬತ್ತಕ್ಕೆ ಮುಗಿಸಿ, ಚಪ್ಪಲಿ ಪಕ್ಕದ ಮನೆ ಬಾಗಿಲಿಗೆ ಹೋಗದ ಹಾಗೆ ನೋಡ್ಕೊಳ್ಳಿ, ಸೆಕ್ರೆಟರಿ ಮನೆಗೆ ಕ್ರಿಸ್‌ಮಸ್‌ಗೆ ಕಾಯದೆ ಈಗಲೇ ಹೋಗಿ ಮಾತಾಡಿ. ಇಷ್ಟಾದ ಮೇಲೂ ಲೆಟರ್ ಬಂದ್ರೆ ಆಗ ಬರೀರಿ ನನಗೆ.

ಪ್ರಶ್ನೆ: ನಮ್ಮ ಗ್ರೂಪ್‌ನಲ್ಲಿ ಮನೆ ಸರದಿ ಇದೆ. ಮೊದಲು ಚಹಾ ಇತ್ತು, ಆಮೇಲೆ ಸಮೋಸ, ಈಗ ಬಿರಿಯಾನಿ ತನಕ ಬಂದಿದೆ. ನಮ್ಮ ಸರದಿ ಬಂದ್ರೆ ಭಯ ಆಗುತ್ತೆ.

ಉತ್ತರ: ಭಯ ನಿಮಗೊಬ್ಬರಿಗೇ ಅಲ್ಲ, ಸರದಿ ದಿನ ‘ಊರಿಗೆ ಹೋಗ್ತಿದ್ದೀವಿ’ ಅನ್ನೋರನ್ನ ಎಣಿಸಿ ನೋಡಿ. ಚಹಾ ಬಿಸ್ಕತ್ತು ಅಷ್ಟೇ ಅಂತ ಲೀಡರ್ ಹೇಳಬೇಕು, ಅದನ್ನೂ ಬಿರಿಯಾನಿ ಮಾಡಿದ ಮನೇಲೇ ಹೇಳಬೇಕು, ಊಟ ಆದ ಮೇಲೆ. ಚಹಾಪುಡಿ ಹಾಲು ಗ್ರೂಪಿನ ಕಾಣಿಕೆ ಡಬ್ಬಿಯಿಂದ ಬರಲಿ, ಜಾಗ ಮಾತ್ರ ಸರದಿ ಮನೆಯವರದು. ಯಾರ ಮನೇಲಾದ್ರೂ ಹುಟ್ಟುಹಬ್ಬ ಇದ್ರೆ ಕೇಕ್ ತರಲಿ ಬಿಡಿ, ಅದಕ್ಕೆ ಯಾರೂ ಬೇಡ ಅನ್ನಲ್ಲ.