ಕೇಳಿ, ಹೇಳುತ್ತೇನೆ: ಈ ಸಲ ರಿಕೆಲ್ಮೆ

ಕಳೆದ ಸಂಚಿಕೆಯಲ್ಲಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಹುವಾನ್ ರೋಮನ್ ರಿಕೆಲ್ಮೆ ನನ್ನ ಅಚ್ಚುಮೆಚ್ಚಿನ ಮಿಡ್‌ಫೀಲ್ಡರ್ ಎಂದು ಬರೆದಿದ್ದೇ ತಡ, ಪತ್ರಗಳು ಬಂದು ಬಿದ್ದಿವೆ. ಒಪ್ಪಿದವರು ಕಡಿಮೆ. ಇರಲಿ, ಒಂದೊಂದಾಗಿ ನೋಡೋಣ.

ಪ್ರಶ್ನೆ: ನಿಮ್ಮ ಮಾತು ನಂಬಿ ಅವನ ಹಳೆಯ ವಿಡಿಯೊಗಳನ್ನು ಹುಡುಕಿ ನೋಡಿದೆ. ಆಸಾಮಿ ಓಡುವುದೇ ಇಲ್ಲವಲ್ಲ! ಅರ್ಧ ಹೊತ್ತು ನಿಂತೇ ಇರುತ್ತಾನೆ. ಇದೆಂಥ ಆಟ? (ದಾವಣಗೆರೆಯ ಓದುಗರು)

ನಿಂತಿದ್ದನ್ನು ನೋಡಿದಿರಿ, ಎಲ್ಲಿ ನಿಂತಿದ್ದ ಎಂಬುದನ್ನು ನೋಡಲಿಲ್ಲ. 2000ದ ಮೇ ತಿಂಗಳಿನ, ದಕ್ಷಿಣ ಅಮೆರಿಕದ ಕ್ಲಬ್‌ಗಳ ಕೋಪಾ ಲಿಬರ್ಟಡೋರೆಸ್ ಟೂರ್ನಿಯ ಕ್ವಾರ್ಟರ್ ಫೈನಲ್ ಹುಡುಕಿ ನೋಡಿ. ಬ್ಯೂನಸ್ ಐರಿಸ್‌ನ ಬದ್ಧವೈರಿಗಳಾದ ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ನಡುವಿನ ಪಂದ್ಯ. ರಿಕೆಲ್ಮೆಗೆ ಆಗ 21 ವರ್ಷ. ಬಲಬದಿಯ ಗೆರೆಯ ಪಕ್ಕದಲ್ಲಿ, ಮೈದಾನಕ್ಕೆ ಬೆನ್ನು ಹಾಕಿ ಸಿಕ್ಕಿಬಿದ್ದಿದ್ದಾನೆ. ಬೆನ್ನಿಗಂಟಿಕೊಂಡು ರಿವರ್‌ನ ಕೊಲಂಬಿಯಾ ಡಿಫೆಂಡರ್ ಮಾರಿಯೊ ಯೆಪೆಸ್ ನಿಂತಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಚೆಂಡನ್ನು ಹೊರಗೆ ಹೊಡೆದು ಕೈತೊಳೆದುಕೊಳ್ಳುತ್ತಿದ್ದರು. ಇವನು ಚೆಂಡಿನ ಮೇಲೆ ಅಂಗಾಲಿಟ್ಟು ಹಿಂದಕ್ಕೆ ಎಳೆಯುತ್ತಾನೆ. ಅದು ಯೆಪೆಸ್‌ನ ಎರಡು ಕಾಲುಗಳ ನಡುವೆ ನುಸುಳಿ ಆಚೆ ಹೋಗುತ್ತದೆ. ಯೆಪೆಸ್ ತಿರುಗುವಷ್ಟರಲ್ಲಿ ಇವನು ಪಕ್ಕದಿಂದ ಸುತ್ತಿ ಬಂದು ಚೆಂಡನ್ನು ಸೇರಿಯಾಗಿದೆ. ಇದರಲ್ಲಿ ಓಟ ಎಷ್ಟಿತ್ತು, ನೀವೇ ಹೇಳಿ. ಬೋಕಾ 3-0ಯಿಂದ ಗೆದ್ದಿತು, ಆ ವರ್ಷದ ಕಪ್ಪನ್ನೂ ಎತ್ತಿತು.

ಅದೇ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಇಂಟರ್‌ಕಾಂಟಿನೆಂಟಲ್ ಕಪ್, ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳು ಸೆಣಸುತ್ತಿದ್ದ ಪಂದ್ಯ. ಆರನೇ ನಿಮಿಷದಲ್ಲಿ ತನ್ನದೇ ಅರ್ಧದಿಂದ ಇವನು ತೂರಿದ ಉದ್ದನೆಯ ಪಾಸ್ ಮಾರ್ಟಿನ್ ಪಲೆರ್ಮೊನ ಕಾಲ ಮುಂದೆ ಹೋಗಿ ಬಿತ್ತು, ಗೋಲ್ ಆಯಿತು. ಬೋಕಾ 2-1ರಿಂದ ಗೆದ್ದಿತು. ಆ ಪಂದ್ಯದಲ್ಲಿ ಇವನ ಹಿಂದೆ ಬಿದ್ದು ಓಡಿ ಸುಸ್ತಾದವರು ಮ್ಯಾಡ್ರಿಡ್‌ನವರು.

ಪ್ರಶ್ನೆ: ಅಷ್ಟು ದೊಡ್ಡವನಾದರೆ ಬಾರ್ಸಿಲೋನಾದಲ್ಲಿ ಯಾಕೆ ಮುಗ್ಗರಿಸಿದ? (ಹುಬ್ಬಳ್ಳಿ)

ಕರೆಸಿದವರು ಕ್ಲಬ್ಬಿನ ಅಧ್ಯಕ್ಷರು, ಆಡಿಸಬೇಕಾದವನು ಕೋಚ್ ಲೂಯಿ ವಾನ್ ಗಾಲ್. ಇಬ್ಬರಿಗೂ ಒಮ್ಮತವಿರಲಿಲ್ಲ. ಮಧ್ಯದಲ್ಲಿ ನಿಂತು ಆಟ ಕಟ್ಟುವವನನ್ನು ಒಯ್ದು ಅಂಚಿಗೆ ನಿಲ್ಲಿಸಿದರೆ ಏನಾದೀತು? 2002 ಅವನಿಗೆ ಕೆಟ್ಟ ವರ್ಷವೂ ಹೌದು: ಅರ್ಜೆಂಟೀನಾದಲ್ಲಿ ತಮ್ಮನನ್ನು ಅಪಹರಿಸಿದ್ದರು, ಹಣ ಕೊಟ್ಟು ಬಿಡಿಸಿಕೊಂಡು ಬಂದಿದ್ದ. ಮರುವರ್ಷ ರೊನಾಲ್ಡಿನ್ಹೊ ಬಂದ, ಇವನನ್ನು ವಿಯಾರಿಯಾಲ್‌ಗೆ ಎರವಲು ಕಳಿಸಿದರು. ಸುಮಾರು 50 ಸಾವಿರ ಜನರಿರುವ ಊರು ಅದು. ಅಲ್ಲಿ ತಂಡವನ್ನೇ ಇವನ ಸುತ್ತ ಹೆಣೆದರು. 2005ರಲ್ಲಿ ಸ್ಪ್ಯಾನಿಷ್ ಲೀಗ್‌ನಲ್ಲಿ ಮೂರನೇ ಸ್ಥಾನ, ಮರುವರ್ಷ ಚಾಂಪಿಯನ್ಸ್ ಲೀಗ್ ಸೆಮಿಫೈನಲ್.

ಪ್ರಶ್ನೆ: ಆ ಸೆಮಿಫೈನಲ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿ ಹಾಳು ಮಾಡಿದವನೂ ಇವನೇ ಅಲ್ಲವೇ? (ಅದೇ ಹುಬ್ಬಳ್ಳಿಯವರು)

ಇವನೇ. ಆರ್ಸೆನಲ್‌ನ ಗೋಲ್‌ಕೀಪರ್ ಯೆನ್ಸ್ ಲೆಹ್ಮನ್ ಎಡಕ್ಕೆ ಹಾರಿ ತಡೆದ. ನಿಮಗೆ ನೆನಪು ಚೆನ್ನಾಗಿದೆ, ನನಗೂ ಇದೆ.

ಪ್ರಶ್ನೆ: 2006ರ ವಿಶ್ವಕಪ್‌ನಲ್ಲಿ ಜರ್ಮನಿ ಎದುರು ಅರ್ಜೆಂಟೀನಾ ಸೋತದ್ದಕ್ಕೆ ಕೋಚ್ ಪೆಕರ್ಮನ್ ಕಾರಣ ಎಂದು ನೀವು ಪದೇ ಪದೇ ಬರೆಯುತ್ತೀರಿ. ಇದು ಹಟವಲ್ಲವೇ? (ಮೈಸೂರು)

ಹಟವೆನ್ನಿ, ಬೇಸರವಿಲ್ಲ. ಆದರೆ ಲೆಕ್ಕ ನೋಡಿ. ಜೂನ್ 30, ಬರ್ಲಿನ್. ನಮ್ಮಲ್ಲಿ ರಾತ್ರಿ ಎಂಟೂವರೆ. 49ನೇ ನಿಮಿಷದಲ್ಲಿ ರಿಕೆಲ್ಮೆಯ ಕಾರ್ನರ್‌ಗೆ ಅಯಾಲ ತಲೆ ಕೊಟ್ಟ, 1-0. ಆಮೇಲೆ ಗೋಲ್‌ಕೀಪರ್ ಅಬೊಂಡಾನ್ಸಿಯೇರಿ ಗಾಯಗೊಂಡು ಹೊರಬಿದ್ದ, ಒಂದು ಬದಲಾವಣೆ ಅದಕ್ಕೇ ಹೋಯಿತು. 72ನೇ ನಿಮಿಷಕ್ಕೆ ಪೆಕರ್ಮನ್ ರಿಕೆಲ್ಮೆಯನ್ನು ಹೊರಗೆ ಕರೆದು ಕಂಬಿಯಾಸೊನನ್ನು ಇಳಿಸಿದ. ಮುನ್ನಡೆ ಕಾಪಾಡುವ ಉಪಾಯ! ಚೆಂಡನ್ನು ಕಾಲಡಿ ಇಟ್ಟುಕೊಂಡು ಹೊತ್ತು ಕಳೆಯಬಲ್ಲವನನ್ನೇ ತೆಗೆದು ಮುನ್ನಡೆ ಕಾಪಾಡುವುದು ಯಾವ ಜಾಣತನ? 80ನೇ ನಿಮಿಷದಲ್ಲಿ ಕ್ಲೋಸೆ ಸಮ ಮಾಡಿದ. ಹತ್ತೊಂಬತ್ತರ ಮೆಸ್ಸಿ ಬೆಂಚಿನಿಂದ ಏಳಲೇ ಇಲ್ಲ. ಪೆನಾಲ್ಟಿ ಸರದಿಯಲ್ಲಿ ಕೊನೆಯ ಹೊಡೆತ ಕಂಬಿಯಾಸೊನದು, ತಡೆದವನು ಜರ್ಮನಿಯ ಗೋಲ್ ಕಾಯುತ್ತಿದ್ದ ಅದೇ ಲೆಹ್ಮನ್.

ಆದರೂ ಊರಿನಲ್ಲಿ ಬೈಸಿಕೊಂಡವನು ರಿಕೆಲ್ಮೆ. ಟೀಕೆಯ ಕಾವಿಗೆ ತಾಯಿ ಆಸ್ಪತ್ರೆ ಸೇರಿದರೆಂದು ಆ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ತಂಡವನ್ನೇ ಬಿಟ್ಟ. ಮರುವರ್ಷ ತಿರುಗಿ ಬಂದ.

ಪ್ರಶ್ನೆ: ಇವನ ಮುನಿಸೇ ಇವನಿಗೆ ಶತ್ರು ಎನ್ನುತ್ತಾರೆ. ನಿಜವೇ? (ಮಂಗಳೂರು)

ಮುನಿಸು ಇತ್ತು, ಸುಳ್ಳಲ್ಲ. ಮರಡೋನಾ ಕೋಚ್ ಆಗಿ ಟಿ.ವಿ.ಯಲ್ಲಿ ಇವನ ಆಟದ ಬಗ್ಗೆ ಮಾತಾಡಿದ್ದಕ್ಕೆ 2009ರಲ್ಲಿ ಅರ್ಜೆಂಟೀನಾದ ಅಂಗಿಯನ್ನು ಮತ್ತೊಮ್ಮೆ ಕಳಚಿಟ್ಟ. ಅರ್ಜೆಂಟೀನಾದಲ್ಲಿ ಮರಡೋನಾಗೆ ಎದುರು ಹೇಳುವುದೆಂದರೆ ಸಣ್ಣ ಮಾತೇ? ಅದಕ್ಕೂ ಮುಂಚೆ, 2001ರಲ್ಲಿ, ಸಂಬಳದ ಜಗಳ ನಡೆದಿದ್ದಾಗ ರಿವರ್ ಎದುರು ಗೋಲ್ ಹೊಡೆದು ಕ್ಲಬ್ ಅಧ್ಯಕ್ಷ ಮೌರಿಸಿಯೊ ಮಾಕ್ರಿ ಕೂತಿದ್ದ ಕಡೆಗೆ ಮುಖ ಮಾಡಿ, ಎರಡೂ ಕೈಗಳನ್ನು ಕಿವಿಗಳ ಹಿಂದೆ ಅಗಲಿಸಿ ನಿಂತ. ನಗಲಿಲ್ಲ, ಕುಣಿಯಲಿಲ್ಲ, ಸುಮ್ಮನೆ ನಿಂತ. ಮಗಳಿಗೆ ಟೋಪೊ ಜೀಜೊ ಎಂಬ ಇಲಿಗೊಂಬೆ ಇಷ್ಟ, ಅದಕ್ಕೇ ಹಾಗೆ ಮಾಡಿದೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟ. ಯಾರೂ ನಂಬಲಿಲ್ಲ.

ಮಾಕ್ರಿ ಮುಂದೆ ದೇಶದ ಅಧ್ಯಕ್ಷರೇ ಆದರು. 2023ರ ಡಿಸೆಂಬರ್‌ನಲ್ಲಿ ಬೋಕಾ ಕ್ಲಬ್ಬಿನ ಚುನಾವಣೆಯಲ್ಲಿ ಎದುರು ಬಣದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ರಿಕೆಲ್ಮೆ ಆ ಬಣವನ್ನು ದೊಡ್ಡ ಅಂತರದಲ್ಲಿ ಸೋಲಿಸಿ ಕ್ಲಬ್ ಅಧ್ಯಕ್ಷನಾದ. ಮುನಿಸು ಶತ್ರುವೋ ಮಿತ್ರನೋ, ನೀವೇ ತೀರ್ಮಾನಿಸಿ.

ಪ್ರಶ್ನೆ: ನನ್ನ ಮಗ ಅಕಾಡೆಮಿಯೊಂದರಲ್ಲಿ ಮಿಡ್‌ಫೀಲ್ಡರ್. ನಿಧಾನ, ಇನ್ನಷ್ಟು ಓಡಬೇಕು ಎಂದು ಕೋಚ್ ಬೈಯುತ್ತಾರೆ. ರಿಕೆಲ್ಮೆಯ ಉದಾಹರಣೆ ಕೊಡಲೇ? (ಬೆಂಗಳೂರು)

ದಯವಿಟ್ಟು ಬೇಡ. ಓಡಲಿ. ರಿಕೆಲ್ಮೆ ನಿಲ್ಲಲು ಸಾಧ್ಯವಾಗಿದ್ದು ಅವನ ಪಾಲಿನ ಓಟವನ್ನೂ ಓಡುವವರು ಇದ್ದುದರಿಂದ. ಬೋಕಾದಲ್ಲಿ ಸೆರ್ನಾ, ಬತ್ತಾಗ್ಲಿಯಾ ಇದ್ದರು, ವಿಯಾರಿಯಾಲ್‌ನಲ್ಲಿ ಮಾರ್ಕೋಸ್ ಸೆನ್ನಾ ಇದ್ದ. ಹುಡುಗನಿಗೆ ಮನೆಯಲ್ಲಿ ಒಂದು ಅಭ್ಯಾಸ ಮಾಡಿಸಿ: ಗೋಡೆಗೆ ಚೆಂಡು ಹೊಡೆಯಲಿ, ಅದು ಮರಳಿ ಬರುವ ಮುನ್ನ ಕತ್ತು ತಿರುಗಿಸಿ ಹಿಂದೆ ನೋಡಲಿ. ನೀವು ಹಿಂದೆ ನಿಂತು ಎಷ್ಟು ಬೆರಳು ತೋರಿಸಿದಿರಿ ಎಂದು ಹೇಳಿ, ಆಮೇಲೆ ಚೆಂಡನ್ನು ಹಿಡಿತಕ್ಕೆ ತೆಗೆದುಕೊಳ್ಳಲಿ. ಗೋಡೆ ಪಕ್ಕದ ಮನೆಯವರದಾಗಿರದಿದ್ದರೆ ಒಳ್ಳೆಯದು.