ಮರ್ಯಾದಸ್ಥ ಸಂಸಾರವನ್ನು ಅತಿರೇಕದಲ್ಲಿ ತೋರಿಸುವ ಹಾಸ್ಯಚಿತ್ರಗಳು ಏಕೆ ಹಿಡಿಸುತ್ತವೆ?

ಅಮೆರಿಕದ ನಗರದಂಚಿನ ಬಡಾವಣೆಗಳ ಸಂಸಾರವನ್ನು ಗೇಲಿ ಮಾಡುವ, ಬೇಕೆಂದೇ ಅತಿಯಾಗಿ ನಟಿಸಿದ, ಕಣ್ಣು ಕುಕ್ಕುವ ಬಣ್ಣದ ಹಳೆಯ ಚಿತ್ರಗಳನ್ನು ಜನ ದಶಕಗಳಿಂದ ಮತ್ತೆ ಮತ್ತೆ ನೋಡುವುದೇಕೆ, ಅವುಗಳಲ್ಲಿ ಕನ್ನಡದವರಿಗೆ ದಕ್ಕುವಂಥದ್ದು ಏನಾದರೂ ಇದೆಯೇ ಎಂದು ನೀವು ಕೇಳಿದ್ದೀರಿ. ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮರ್ಯಾದಸ್ಥ ಸಂಸಾರವೆಂಬುದು ಬಹುಮಟ್ಟಿಗೆ ನೆರೆಹೊರೆಯವರ ಎದುರು ನಡೆಯುವ ಅಭಿನಯ. ಸಹಜವಾಗಿ ನಟಿಸಿದ ಚಿತ್ರ ಆ ಅಭಿನಯವನ್ನು ನಮ್ಮಿಂದ ಮರೆಸಿಬಿಡುತ್ತದೆ. ಅತಿರೇಕದ ಚಿತ್ರ ಅದನ್ನು ಬೆಳಕಿಗೆ ಹಿಡಿಯುತ್ತದೆ. ಅತಿನಟನೆ ಇಲ್ಲಿ ದೋಷವಲ್ಲ, ಹೇಳಬೇಕಾದ ವಿಷಯವೇ ಅದು.

ಈ ಬಗೆಯ ಚಿತ್ರಗಳ ಮಾತು ಬಂದಾಗ ಮೊದಲು ನೆನಪಾಗುವವರು ಬಾಲ್ಟಿಮೋರ್‌ನ ನಿರ್ದೇಶಕ ಜಾನ್ ವಾಟರ್ಸ್. ಅವರು ಬೆಳೆದದ್ದು ಆ ನಗರದ ಹೊರವಲಯದ ಲೂಥರ್‌ವಿಲ್ ಎಂಬ ಬಡಾವಣೆಯಲ್ಲಿ. ಅವರ ಚಿತ್ರಗಳ ಗೃಹಿಣಿಯಾಗಿ ನಟಿಸಿದ, ಡಿವೈನ್ ಎಂದೇ ಹೆಸರಾದ ಹೆಣ್ಣುವೇಷದ ನಟ ಗ್ಲೆನ್ ಮಿಲ್‌ಸ್ಟೆಡ್ ಕೂಡ ಅದೇ ಆಸುಪಾಸಿನವರು. 1981ರ ‘ಪಾಲಿಯೆಸ್ಟರ್’ನಲ್ಲಿ ಡಿವೈನ್ ಅವರದು ಫ್ರಾನ್ಸೀನ್ ಫಿಶ್‌ಪಾ ಎಂಬ ಗೃಹಿಣಿಯ ಪಾತ್ರ. ಗಂಡ ನೀಲಿಚಿತ್ರಗಳ ಥಿಯೇಟರ್ ನಡೆಸುತ್ತಾನೆ, ಅದಕ್ಕಾಗಿ ಮನೆಯ ಮುಂದೆಯೇ ಜನ ಪ್ರತಿಭಟನೆಗೆ ನಿಲ್ಲುತ್ತಾರೆ, ಮಗನಿಗೆ ಬೀದಿಯಲ್ಲಿ ಹೆಂಗಸರ ಪಾದ ತುಳಿಯುವ ಗೀಳು. ಇಷ್ಟೆಲ್ಲದರ ನಡುವೆ ಆಕೆ ಬಯಸುವುದು ನಾಲ್ಕು ಜನರಂತೆ ಸಭ್ಯವಾಗಿ ಬಾಳುವುದನ್ನು ಮಾತ್ರ.

ಆ ಚಿತ್ರಕ್ಕೆ ಬಂದ ಪ್ರೇಕ್ಷಕರಿಗೆ ಹತ್ತು ವಾಸನೆಗಳ ಒಂದು ಕಾರ್ಡು ಕೊಡುತ್ತಿದ್ದರು. ತೆರೆಯ ಮೇಲೆ ಒಂದು ಅಂಕಿ ಮಿನುಗಿದೊಡನೆ ಕಾರ್ಡಿನಲ್ಲಿ ಅದೇ ಅಂಕಿಯ ಜಾಗವನ್ನು ಉಗುರಿನಿಂದ ಕೆರೆದು ಮೂಸಬೇಕು. ಒಂದು ಕಡೆ ಹೂಗುಚ್ಛ ಕಾಣುತ್ತದೆ. ಒಳ್ಳೆಯ ಪರಿಮಳ ಸಿಗುತ್ತದೆಂದು ಕೆರೆಯಲು ಹೊರಟರೆ, ಅಷ್ಟರಲ್ಲಿ ಹೂವಿನ ಜಾಗಕ್ಕೆ ಹಳೆಯ ಶೂಗಳು ಬಂದಿರುತ್ತವೆ, ಮೂಗಿಗೆ ಬಡಿಯುವುದು ಅವುಗಳ ನಾತ. ಕಾರ್ಡಿನ ಕೊನೆಯ ವಾಸನೆ ಏರ್ ಫ್ರೆಶ್‌ನರ್‌ನದು. ಕಣ್ಣಿಗೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು, ಕೊನೆಗೆ ಎಲ್ಲದರ ಮೇಲೆ ಒಂದಿಷ್ಟು ಸುಗಂಧ ಸಿಂಪಡಿಸಿ ಮುಗಿಸುವುದು: ಮಧ್ಯಮ ವರ್ಗದ ಮನೆತನದ ಬಗ್ಗೆ ಇಷ್ಟು ಅಡಕವಾಗಿ ಹೇಳಿದ ಮತ್ತೊಂದು ಉಪಾಯವನ್ನು ನಾನು ಸಿನಿಮಾದಲ್ಲಿ ಕಂಡಿಲ್ಲ.

ಇಲ್ಲಿ ಗೇಲಿಗೊಳಗಾಗುವ ಬದುಕು ಎಂಥದ್ದೆಂದು ಗೊತ್ತಿದ್ದರೆ ನಗು ಇನ್ನಷ್ಟು ದಕ್ಕುತ್ತದೆ. 1947ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಆರಂಭವಾದ ಲೆವಿಟ್‌ಟೌನ್ ಎಂಬ ಬಡಾವಣೆಯಲ್ಲಿ ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳೆದ್ದವು. ಬೇಲಿ ಹಾಕಬಾರದು, ಅಂಗಳದ ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಬೇಕು ಎಂಬ ಕಟ್ಟಳೆಗಳ ಜೊತೆಗೆ, ಬಿಳಿಯರಲ್ಲದವರು ಅಲ್ಲಿ ವಾಸಿಸಬಾರದೆಂಬ ಷರತ್ತೂ ಆರಂಭದ ಒಪ್ಪಂದಪತ್ರಗಳಲ್ಲಿತ್ತು. ಅಚ್ಚುಕಟ್ಟಾದ ಹುಲ್ಲಿನ ಹಾಸಿನ ಕೆಳಗೆ ಇಂಥದ್ದೊಂದು ಕ್ರೌರ್ಯ ಇತ್ತೆಂಬುದನ್ನು ಮರೆಯದೆ ನೋಡಿದರೆ, ಈ ಚಿತ್ರಗಳ ಒರಟುತನ ವಿನಾಕಾರಣದ್ದಲ್ಲವೆಂದು ತಿಳಿಯುತ್ತದೆ.

ನನ್ನ ಮನೆ ಇರುವುದು ಮಡಿಕೇರಿಯಿಂದ ತುಸು ದೂರ, ಕಾಫಿ ತೋಟದ ನಡುವೆ. ಪಕ್ಕದ ಮನೆಯ ದೀಪ ಕೂಡ ಕಾಣದಷ್ಟು ಅಂತರವಿದ್ದರೂ, ಯಾರ ಮನೆಯಲ್ಲಿ ಪಾಲಿನ ತಕರಾರು ನಡೆದಿದೆ ಎಂಬುದು ಮುಂದಿನ ಮದುವೆಯ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿನ ಅನೇಕರಂತೆ ನಮ್ಮದೂ ಹೋಂಸ್ಟೇ. ಗೇಟಿನ ಬಳಿ ಅತಿಥಿಗಳ ಕಾರಿನ ಹಾರ್ನ್ ಕೇಳಿದೊಡನೆ ಅರ್ಧಕ್ಕೆ ಬಂದಿದ್ದ ಜಗಳ ನಿಲ್ಲುತ್ತದೆ. ಅತ್ತಿಗೆ ಕಾಫಿಯ ಟ್ರೇ ಹಿಡಿದು ನಗುತ್ತಾ ವರಾಂಡಕ್ಕೆ ಬರುತ್ತಾರೆ, ಅಣ್ಣ ಗೋಡೆಯ ಮೇಲಿನ ಅಜ್ಜನ ಫೋಟೊದ ಕಥೆ ಆರಂಭಿಸುತ್ತಾರೆ, ಬೆಳಗಿನಿಂದ ಮಾತು ಬಿಟ್ಟಿದ್ದವರು ಊಟದ ಮೇಜಿನಲ್ಲಿ ಒಬ್ಬರಿಗೊಬ್ಬರು ಕಡಂಬುಟ್ಟು ಬಡಿಸುತ್ತಾರೆ. ಇದು ಮೋಸವೆಂದು ನಾನು ಭಾವಿಸುವುದಿಲ್ಲ; ಆ ಅಭಿನಯವೇ ಎಷ್ಟೋ ಸಲ ಅತಿಥಿಗಳು ಹೋದ ಮೇಲೆ ನಿಜವಾದ ರಾಜಿಗೆ ದಾರಿಯಾಗಿದೆ. ಆದರೆ ಅಭಿನಯ ಎಂಬುದಂತೂ ಹೌದು, ಮತ್ತು ಅದರ ಶ್ರಮ ಬೀಳುವುದು ಮುಖ್ಯವಾಗಿ ಮನೆಯ ಹೆಂಗಸರ ಮೇಲೆ.

ಅತಿಥಿಗಳು ವಿರಳವಾಗುವ ಜುಲೈ ಮಳೆಯಲ್ಲಿ ಈ ಚಿತ್ರಗಳನ್ನು ನೋಡುವಾಗ, ನಮ್ಮ ಅತ್ತಿಗೆಗೆ ಎಲ್ಲಕ್ಕಿಂತ ಹಿಡಿಸಿದ್ದು ವಾಟರ್ಸ್ ಅವರದೇ 1994ರ ‘ಸೀರಿಯಲ್ ಮಾಮ್’. ಕ್ಯಾಥ್ಲೀನ್ ಟರ್ನರ್ ನಟಿಸಿದ ಬೆವರ್ಲಿ ಸಟ್ಫಿನ್ ಆದರ್ಶ ತಾಯಿ. ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತದೆ ಮರಳಿಸುವ ಮಹಿಳೆಯನ್ನು ಆಕೆ ಕುರಿಯ ತೊಡೆಯಿಂದ ಹೊಡೆದು ಕೊಲ್ಲುತ್ತಾಳೆ. ಸಣ್ಣ ಸಣ್ಣ ಶಿಷ್ಟಾಚಾರಗಳನ್ನು ಜೀವನವಿಡೀ ಕಾದುಕೊಂಡು ಬಂದವರಿಗೆ ಒಳಗೊಳಗೇ ಏಳುವ ಸಿಟ್ಟು ಅಲ್ಲಿ ಆಕಾರ ಪಡೆದಿದೆ. ಟರ್ನರ್ ಒಂದು ಕ್ಷಣವೂ ‘ಇದು ತಮಾಷೆ’ ಎಂದು ಕಣ್ಣು ಹೊಡೆಯುವುದಿಲ್ಲ, ಬೆವರ್ಲಿಯನ್ನು ಪೂರ್ತಿ ನಂಬಿ ನಟಿಸುತ್ತಾರೆ. ಅತಿರೇಕವನ್ನೂ ಕೃತಕತೆಯನ್ನೂ ಸವಿಯುವ, ಕ್ಯಾಂಪ್ ಎನ್ನಲಾಗುವ ಈ ಅಭಿರುಚಿಯ ಬಗ್ಗೆ 1964ರಲ್ಲಿ ಬರೆದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್, ಅದು ತಾನೇ ತಾನಾಗಿ ಹುಟ್ಟಿದಾಗ ಮಾತ್ರ ಶುದ್ಧವಾಗಿರುತ್ತದೆ, ಬೇಕೆಂದು ಮಾಡಿದಾಗ ಅಷ್ಟು ತೃಪ್ತಿ ಕೊಡುವುದಿಲ್ಲ ಎಂಬರ್ಥದ ಮಾತು ಹೇಳಿದ್ದರು. ಬೇಕೆಂದೇ ಮಾಡಿದರೂ ಪಾತ್ರದ ಮೇಲೆ ಪ್ರೀತಿಯಿದ್ದರೆ ಅದು ಗೆಲ್ಲುತ್ತದೆ ಎಂಬುದಕ್ಕೆ ಟರ್ನರ್ ಅವರ ಅಭಿನಯವೇ ಸಾಕ್ಷಿ. ಪ್ರೀತಿಯಿಲ್ಲದೆ ಬರೀ ಕೆಟ್ಟದಾಗಿ ತೆಗೆದು ಕಲ್ಟ್, ಅಂದರೆ ಕೆಲವರ ಹುಚ್ಚು ಅಭಿಮಾನದ ಚಿತ್ರ, ಆಗಲು ಹೊರಟ ಚಿತ್ರಗಳು ಹತ್ತು ನಿಮಿಷಕ್ಕೇ ಸಾಕಾಗುತ್ತವೆ.

ನಮ್ಮಲ್ಲಿಯೂ ಸಂಸಾರದ ಹಾಸ್ಯವಿದೆ, ಆದರೆ ಅದರ ಜಾಡು ಬೇರೆ. ಫಣಿ ರಾಮಚಂದ್ರ ಅವರ 1990ರ ‘ಗಣೇಶನ ಮದುವೆ’ ವಠಾರದ ಕಥೆ. ಅಲ್ಲಿ ಗೋಡೆಗೆ ಗೋಡೆ ತಾಗಿರುವುದರಿಂದ ಎಲ್ಲರ ಗುಟ್ಟೂ ಎಲ್ಲರ ಕಿವಿಗೆ ಬೀಳುತ್ತದೆ, ನಗು ಹುಟ್ಟುವುದು ತಿಕ್ಕಾಟದಿಂದ. ಬಡಾವಣೆಯ ಚಿತ್ರಗಳಲ್ಲಿ ನಗು ಹುಟ್ಟುವುದು ಮುಚ್ಚಿಡುವುದರಿಂದ. ತೋಟದ ಮನೆಗಳಲ್ಲಿ ಬೆಳೆದ ನನ್ನಂಥವರಿಗೆ ಎರಡನೆಯದೇ ಹೆಚ್ಚು ಹತ್ತಿರವೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ನೀವು ನೋಡಲು ತೊಡಗುವುದಾದರೆ ವಾಟರ್ಸ್ ಅವರ 1988ರ ‘ಹೇರ್‌ಸ್ಪ್ರೇ’ಯಿಂದ ಆರಂಭಿಸಿ. ಡಿವೈನ್ ಅಲ್ಲಿ ಇಸ್ತ್ರಿಪೆಟ್ಟಿಗೆಯ ಮುಂದೆ ದಣಿದ ತಾಯಿ. ಚಿತ್ರ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಅದೇ ವರ್ಷದ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಅದರಲ್ಲಿ ಬಿಳಿಯರೂ ಕರಿಯರೂ ಟಿವಿಯ ನೃತ್ಯ ಕಾರ್ಯಕ್ರಮದಲ್ಲಿ ಕೊನೆಗೆ ಒಟ್ಟಿಗೆ ಕುಣಿಯುತ್ತಾರೆ, ಆದರೆ ಅದಕ್ಕೆ ಪ್ರೇರಣೆಯಾದ ಬಾಲ್ಟಿಮೋರ್‌ನ ನಿಜವಾದ ಕಾರ್ಯಕ್ರಮ 1964ರಲ್ಲಿ ಅಂಥ ಬೆರಕೆಗೆ ಒಪ್ಪದೆ ನಿಂತೇ ಹೋಯಿತು. 1972ರ ‘ಪಿಂಕ್ ಫ್ಲೆಮಿಂಗೋಸ್’ ಮಾತ್ರ ಹಿರಿಯರು, ಮಕ್ಕಳ ಜೊತೆ ಕುಳಿತು ನೋಡುವಂಥದ್ದಲ್ಲ. ‘ಪಾಲಿಯೆಸ್ಟರ್’ಗೆ ಮುಂಚೆ ಹಾಲಿವುಡ್ ನಿರ್ದೇಶಕ ಡಗ್ಲಾಸ್ ಸರ್ಕ್ ಅವರ 1955ರ ‘ಆಲ್ ದಟ್ ಹೆವನ್ ಅಲೌಸ್’ ನೋಡುವುದು ಒಳ್ಳೆಯದು. ಮಕ್ಕಳ ಮಾತಿಗೆ ಕಟ್ಟುಬಿದ್ದು ತಾನು ಪ್ರೀತಿಸಿದವನನ್ನು ಬಿಟ್ಟ ವಿಧವೆಗೆ ಅದೇ ಮಕ್ಕಳು ಜೊತೆಗಿರಲೆಂದು ಟಿವಿ ತಂದುಕೊಡುವ ಚಿತ್ರ ಅದು. ವಾಟರ್ಸ್ ಹಿಗ್ಗಿಸಿ ತೋರಿಸಿದ್ದು ಸರ್ಕ್ ಅವರ ಈ ಬಗೆಯ ಕಣ್ಣೀರಿನ ಕಥೆಗಳನ್ನೇ.